ಐದು ದಿನದಲ್ಲಿ 12ಡಿ: ನಮ್ಮ ನಾಲ್ಕು ಬೂತ್‌ಗಳ ಲೆಕ್ಕ

ಹಿರಿಯರು, ಅಂಗವಿಕಲರು ಮನೆಯಲ್ಲೇ ಅಂಚೆ ಮತಪತ್ರದಲ್ಲಿ ಮತ ಹಾಕಲು ಕೊಡುವ ಅರ್ಜಿಯೇ ಫಾರಂ 12ಡಿ. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನದೊಳಗೆ ಅದು ಚುನಾವಣಾಧಿಕಾರಿಗೆ ಸೇರಬೇಕು. ಅಷ್ಟರಲ್ಲಿ ನಾಲ್ಕು ಬೂತ್ ಮುಗಿಸುವುದು ಆಗದ ಮಾತು ಅಂತ ನಮ್ಮ ಪಕ್ಷದವರೇ ಅಂದಿದ್ದರು. 2024ರ ಲೋಕಸಭೆಗೆ ಮೂರೇ ದಿನದಲ್ಲಿ ಮುಗಿಯಿತು. ಮೂವತ್ತು ಚಿಲ್ಲರೆ ಅರ್ಜಿಯಲ್ಲಿ ಬಿದ್ದುಹೋದದ್ದು ಎರಡು.

2023ರ ವಿಧಾನಸಭೆಯಲ್ಲಿ ಕೈ ಸುಟ್ಟುಕೊಂಡಿದ್ದೆವು. ಮುನ್ನೂರು ಖಾಲಿ ಫಾರಂ ಜೆರಾಕ್ಸ್‌ಗೆ ಸುಮಾರು ಆರುನೂರು ರೂಪಾಯಿ ಸುಮ್ಮನೆ ಹೋಯಿತು. ಫಾರಂ ಕೊಡುವುದೂ ತುಂಬಿದ್ದನ್ನು ಪಡೆಯುವುದೂ ಬಿಎಲ್‌ಒ (ಬೂತ್ ಮಟ್ಟದ ಚುನಾವಣಾ ಅಧಿಕಾರಿ) ಕೆಲಸ. ನಮ್ಮಂಥ ಪಕ್ಷದ ಏಜೆಂಟರು ಕಟ್ಟುಗಟ್ಟಲೆ ತಂದರೆ ಎದುರಾಳಿಗಳು ತಕರಾರು ಎತ್ತುತ್ತಾರೆ, ಎತ್ತಬೇಕಾದದ್ದೇ. ಈಗ ನಾವು ಫಾರಂ ಮುಟ್ಟುವುದಿಲ್ಲ. ಪಟ್ಟಿ ಮಾಡಿ ಮನೆ ತೋರಿಸುತ್ತೇವೆ, ಅಷ್ಟೆ. ಮನೆಗಳ ಸರದಿ ಹೇಗೆ ಜೋಡಿಸುತ್ತೇವೆ ಅನ್ನುವುದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ದೊಡ್ಡ ಜಗಳ ವಯಸ್ಸಿನದು. 2024ರ ಮಾರ್ಚ್‌ನಲ್ಲಿ ಮಿತಿ 80ರಿಂದ 85ಕ್ಕೆ ಏರಿತು. "ಹೋದ ಸಲ ಮನೆಗೇ ಬಂದಿದ್ರಲ್ಲಪ್ಪ, ಈಗ್ಯಾಕಿಲ್ಲ?" ಅಂತ ಹಿರಿಯರು ಕೇಳುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿಬಿಡಿ. ಆಧಾರ್‌ನಲ್ಲಿ 87, ಮತದಾರರ ಪಟ್ಟಿಯಲ್ಲಿ 83 ಇದ್ದರೆ ಪಟ್ಟಿಯದೇ ಲೆಕ್ಕ. ತಿದ್ದಲು ಫಾರಂ 8 ಇದೆ, ಆದರೆ ಚುನಾವಣೆ ಘೋಷಣೆಗೆ ಸಾಕಷ್ಟು ಮುಂಚೆ ಹಾಕಿರಬೇಕು. ಅಂಗವಿಕಲರಿಗೆ ಶೇ 40ರ ಪ್ರಮಾಣಪತ್ರದ ಪ್ರತಿ ಬೇಕೇಬೇಕು. ಮಾಸಾಶನದ ಆದೇಶ ಲಗತ್ತಿಸಿದ್ದಕ್ಕೇ ಮೊದಲ ಸಲ ಐದಾರು ಅರ್ಜಿ ವಾಪಸ್ ಬಂದವು.

ಮನೆಯಿಂದ ಮತ ಹಾಕುವ ಈ ನಿಯಮವನ್ನೇ ತಮಿಳುನಾಡಿನ ಡಿಎಂಕೆ ಪಕ್ಷ ಪ್ರಶ್ನಿಸಿತ್ತು. 2021ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು. ಆದರೂ ಅವರ ಅನುಮಾನ ನನಗೆ ಅರ್ಥವಾಗುತ್ತದೆ. ಅರ್ಜಿ ಒಪ್ಪಿಗೆಯಾದರೆ ಪಟ್ಟಿಯಲ್ಲಿ ಹೆಸರಿನೆದುರು 'ಪಿಬಿ' (ಪೋಸ್ಟಲ್ ಬ್ಯಾಲೆಟ್, ಅಂದರೆ ಅಂಚೆ ಮತ) ಗುರುತು ಬೀಳುತ್ತದೆ, ಆಮೇಲೆ ಬೂತ್‌ನಲ್ಲಿ ಮತವಿಲ್ಲ. ಮಗ ಕೇಳದೆ ಅರ್ಜಿ ಕೊಡಿಸಿದ್ದ ಅಜ್ಜಿಯೊಬ್ಬರು ಮತದಾನದ ದಿನ ಸೀರೆ ಉಟ್ಟು ಬಂದು ಹಾಗೇ ಹಿಂದಿರುಗಿದರು. ಅದಕ್ಕೇ ಈಗ ಸಹಿಗೆ ಮುಂಚೆ ಹಿರಿಯರನ್ನೇ ಕೇಳುತ್ತೇವೆ: "ಅಜ್ಜಿ, ಮನೇಲೇ ಹಾಕ್ತೀರೋ, ಬೂತಿಗೆ ಬರ್ತೀರೋ?" ನಡೆಯಬಲ್ಲೆ ಅಂದವರಿಗೆ ಫಾರಂ ಬೇಡ.

ಮೊಬೈಲ್ ನಂಬರ್ ಅಂಕಣವನ್ನು ಹಗುರವಾಗಿ ಕಾಣಬೇಡಿ. ಬೆಂಗಳೂರಿನ ಮಗನ ನಂಬರ್ ಬರೆದರೆ ಅವನು ಗೊತ್ತಿಲ್ಲದ ಕರೆ ಎತ್ತುವುದಿಲ್ಲ, ಮತ ಪಡೆಯುವ ತಂಡ ಬರುವ ಹೊತ್ತಿಗೆ ಅಜ್ಜಿ ಮಗಳ ಮನೆಯಲ್ಲಿರುತ್ತಾರೆ. ತಂಡ ಎರಡು ಸಲ ಮಾತ್ರ ಬರುತ್ತದೆ. ಜೊತೆಯಲ್ಲಿರುವ ಸೊಸೆಯ ನಂಬರ್ ಬರೆಸಿ.

ಇದನ್ನೆಲ್ಲ ತಿಳಿಸಲು ವಾಟ್ಸಾಪ್ ಸಂದೇಶವನ್ನೂ ಕಳಿಸಿ ನೋಡಿದೆವು, ಯಾರೂ ಓದಲಿಲ್ಲ. ಬೆಳಿಗ್ಗೆ ಆರಕ್ಕೆ ಹಾಲಿನ ಡೇರಿಯಲ್ಲಿ ಹೇಳಿದ್ದು ಎಂಟರೊಳಗೆ ಊರೆಲ್ಲ ಮುಟ್ಟಿತ್ತು.