ಆಲಿಕಲ್ಲು ಬೀಳುವ ಊರಲ್ಲಿ ಮನೆ ಕೊಂಡಿದ್ದೀರಾ? ರೂಫ್ ಬದಲಾಯಿಸುವ ಮೊದಲು ಇಷ್ಟು ತಿಳಿದಿರಲಿ

ಡಾಲಸ್ ಸುತ್ತಮುತ್ತ ಹೊಸದಾಗಿ ಮನೆ ಕೊಂಡ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಫ್ರಿಸ್ಕೊ ಇರಲಿ, ಪ್ಲೇನೊ ಇರಲಿ, ಅರ್ವಿಂಗ್ ಇರಲಿ, ವಿಷಯ ಒಂದೇ. ಗೃಹಪ್ರವೇಶ ಮಾಡಿ, ಹಾಲು ಉಕ್ಕಿಸಿ, ಹಿತ್ತಲಲ್ಲಿ ಕರಿಬೇವಿನ ಕುಂಡ ಇಟ್ಟಿರುತ್ತೀರಿ. ಆಮೇಲೆ ಮೊದಲ ಮಾರ್ಚ್ ಬರುತ್ತದೆ. ಯುಗಾದಿ ಹೊತ್ತಿಗೆ ಶುರುವಾಗುವ ಆಲಿಕಲ್ಲಿನ ಕಾಟ ಜೂನ್‌ವರೆಗೂ ಇರುತ್ತದೆ. 2016ರ ಏಪ್ರಿಲ್ 11ರಂದು ವೈಲಿ ಊರಿನ ಮೇಲೆ ಬಿದ್ದ ಆಲಿಕಲ್ಲು ಮುಷ್ಟಿಗಿಂತ ದೊಡ್ಡದಿತ್ತು. ಮನೆಗಳ ಚಾವಣಿ ತೂತಾಯಿತು, ಶಾಲೆಗಳನ್ನು ಮುಚ್ಚಬೇಕಾಯಿತು.

ನಮ್ಮ ಊರಲ್ಲಿ ಚಾವಣಿ ಅಂದರೆ ಒಂದು ಸಲ ಮೋಲ್ಡ್ ಹಾಕಿದರೆ ಮುಗಿಯಿತು. ಮಲೆನಾಡಿನವರಾದರೆ ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ತೆಗೆದು ಬೇರೆ ಹಾಕಿಸುತ್ತಿದ್ದೆವು. ಇಲ್ಲಿ ಹಾಗಲ್ಲ. ಮರದ ಚೌಕಟ್ಟು, ಅದರ ಮೇಲೆ ಹಲಗೆ, ಅದರ ಮೇಲೆ ಒಂದು ಹಾಳೆ, ಅದರ ಮೇಲೆ ಡಾಂಬರಿನ ಶಿಂಗಲ್, ಅಂದರೆ ಮೇಲೆ ಸಣ್ಣ ಕಲ್ಲಿನ ಹರಳು ಅಂಟಿಸಿದ ತೆಳು ಬಿಲ್ಲೆಗಳು. ಈ ಶಿಂಗಲ್ ಸವೆಯುವ ವಸ್ತು. ಇಲ್ಲಿನ ಬಿಸಿಲಿಗೂ ಆಲಿಕಲ್ಲಿಗೂ ಅದು ಪ್ಯಾಕೆಟ್ ಮೇಲೆ ಬರೆದಷ್ಟು ವರ್ಷ ಬರುವುದಿಲ್ಲ. ಈ ಮನೆಯಲ್ಲಿ ಹತ್ತು ಹದಿನೈದು ವರ್ಷ ಇರುವ ಯೋಚನೆ ಇದ್ದರೆ, ಒಂದು ಸಲವಾದರೂ ರೂಫ್ ಬದಲಾಯಿಸಬೇಕಾಗುತ್ತದೆ ಅಂತಲೇ ಇಟ್ಟುಕೊಳ್ಳಿ.

ಮೊದಲು ಪಾಲಿಸಿ ತೆಗೆದು ಓದಿ

ಹೊಸಬರು ಎಲ್ಲರೂ ನನ್ನನ್ನು ಕೇಳುವುದು ಒಂದೇ: ಒಳ್ಳೆ ರೂಫರ್ ಯಾರು? ನಾನು ತಿರುಗಿ ಕೇಳುತ್ತೇನೆ: ನಿಮ್ಮ ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡುವ ಮುಂಚೆ ನಿಮ್ಮ ಜೇಬಿನಿಂದ ಹೋಗುವ ಪಾಲು, ಎಷ್ಟು? ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿರುವುದಿಲ್ಲ. ಕ್ಲೋಸಿಂಗ್ ಗಡಿಬಿಡಿಯಲ್ಲಿ ಲೋನ್ ಆಫೀಸರ್ ಕೇಳಿದರು ಅಂತ ಯಾವುದೋ ಇನ್ಶೂರೆನ್ಸ್ ತೆಗೆದುಕೊಂಡಿರುತ್ತಾರೆ. ಆದರೆ ರೂಫ್ ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟು ಅನ್ನೋದು ಆ ಸಹಿಯಲ್ಲೇ ತೀರ್ಮಾನ ಆಗಿಬಿಟ್ಟಿರುತ್ತದೆ.

ಪಾಲಿಸಿಯ ಮೊದಲ ಪುಟಗಳಲ್ಲಿ ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್ ಬೇರೆಯಾಗಿ ಬರೆದಿರುತ್ತಾರೆ. ಅದು ಶೇಕಡಾ ಲೆಕ್ಕದಲ್ಲಿರುತ್ತದೆ, ಹೆಚ್ಚಾಗಿ 1 ಅಥವಾ 2. ಇಲ್ಲೇ ಜನ ಎಡವುವುದು. ಆ ಶೇಕಡಾ ರೂಫ್ ಬಿಲ್ಲಿನ ಮೇಲೆ ಅಲ್ಲ, ಇಡೀ ಮನೆಗೆ ಮಾಡಿಸಿದ ವಿಮೆಯ ಮೊತ್ತದ ಮೇಲೆ. ಮನೆ 4,50,000 ಡಾಲರ್‌ಗೆ ವಿಮೆ ಆಗಿದ್ದರೆ ಶೇ. 2 ಅಂದರೆ 9,000 ಡಾಲರ್. ಅಷ್ಟು ನಿಮ್ಮ ಜೇಬಿನಿಂದ. ಶೇ. 1 ಆಗಿದ್ದರೆ 4,500.

ಎರಡನೆಯದು ಇನ್ನೂ ಮುಖ್ಯ. ನಿಮ್ಮ ಪಾಲಿಸಿ ರೂಫಿಗೆ ಹೊಸದರ ಬೆಲೆ ಕೊಡುತ್ತದಾ, ಇಲ್ಲ ಸವೆದದ್ದನ್ನು ಕಳೆದ ಬೆಲೆ ಮಾತ್ರ ಕೊಡುತ್ತದಾ? ಮೊದಲನೆಯದನ್ನು ರಿಪ್ಲೇಸ್‌ಮೆಂಟ್ ಕಾಸ್ಟ್ ಅಂತಲೂ ಎರಡನೆಯದನ್ನು ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ ಅಂತಲೂ ಕರೆಯುತ್ತಾರೆ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ರೂಫ್ ಬಿಲ್ 22,000 ಡಾಲರ್, ಸವೆತ 8,000, ಡಿಡಕ್ಟಿಬಲ್ 9,000 ಅಂತ ಇಟ್ಟುಕೊಳ್ಳಿ. ಹೊಸದರ ಬೆಲೆ ಕೊಡುವ ಪಾಲಿಸಿಯಲ್ಲಿ ಮೊದಲ ಚೆಕ್ 5,000 ಬರುತ್ತದೆ. ಕೆಲಸ ಮುಗಿಸಿ ಬಿಲ್ ಕಳಿಸಿದ ಮೇಲೆ ಹಿಡಿದಿಟ್ಟ 8,000 ಬರುತ್ತದೆ. ನಿಮ್ಮ ಖರ್ಚು 9,000. ಇನ್ನೊಂದು ಬಗೆಯ ಪಾಲಿಸಿಯಲ್ಲಿ ಆ 5,000 ಬಂದರೆ ಅಷ್ಟೇ. ಉಳಿದ 17,000 ನಿಮ್ಮದು. ಒಂದೇ ಮನೆ, ಒಂದೇ ಆಲಿಕಲ್ಲು, ವ್ಯತ್ಯಾಸ 8,000 ಡಾಲರ್. ಪ್ರೀಮಿಯಂ ವರ್ಷಕ್ಕೆ ಸ್ವಲ್ಪ ಕಡಿಮೆ ಆಗುತ್ತದೆ ಅಂತ ಏಜೆಂಟ್ ಹೇಳಿದರೆ, ಯಾವುದನ್ನು ಬಿಟ್ಟುಕೊಟ್ಟು ಕಡಿಮೆ ಆಯಿತು ಅಂತ ಕೇಳಿ. ರೂಫಿಗೆ ವಯಸ್ಸಾದ ಮೇಲೆ ನವೀಕರಣದ ಹೊತ್ತಿಗೆ ಈ ಷರತ್ತು ಬದಲಾಗಬಹುದು. ಹಾಗಾಗಿ ಪ್ರತಿ ವರ್ಷ ಬರುವ ಕಾಗದ ಬಿಡಿಸಿ ನೋಡಿ.

ಡಿಡಕ್ಟಿಬಲ್ ಎಷ್ಟು ಅಂತ ಗೊತ್ತಾದ ದಿನವೇ ಒಂದು ಬೇರೆ ಸೇವಿಂಗ್ಸ್ ಖಾತೆ ತೆರೆದು, ತಿಂಗಳಿಗೆ ಆದಷ್ಟು ಹಾಕುತ್ತಾ ಬನ್ನಿ. 9,000 ಬೇಕಿದ್ದರೆ ತಿಂಗಳಿಗೆ 250ರಂತೆ ಮೂರು ವರ್ಷ. ನನ್ನ ಮಾತು ಇದೊಂದನ್ನು ಕೇಳಿದರೂ ಸಾಕು.

ಆಲಿಕಲ್ಲು ಬಿದ್ದ ಮರುದಿನ

ಏಣಿ ಹಾಕಿ ಮೇಲೆ ಹತ್ತಬೇಡಿ. ಇಲ್ಲಿನ ರೂಫ್‌ಗಳ ಇಳಿಜಾರು ಜಾಸ್ತಿ, ಶಿಂಗಲ್‌ನಿಂದ ಉದುರಿದ ಹರಳು ಮರಳಿನಂತೆ ಜಾರುತ್ತದೆ. ಕೆಳಗೇ ಬೇಕಾದಷ್ಟು ಗುರುತು ಸಿಗುತ್ತದೆ. ಗಟರ್, ಮೇಲ್ಬಾಕ್ಸ್, ಎಸಿ ಯಂತ್ರದ ತೆಳು ತಗಡು ಇವುಗಳಲ್ಲಿ ತಗ್ಗು ಬಿದ್ದಿದೆಯಾ ನೋಡಿ. ಗಟರ್ ನೀರು ಬೀಳುವ ಕಡೆ ಕಪ್ಪು ಹರಳು ರಾಶಿ ಬಿದ್ದಿದೆಯಾ ನೋಡಿ. ಸಿಕ್ಕ ಆಲಿಕಲ್ಲಿನ ಪಕ್ಕ ಒಂದು ಕ್ವಾರ್ಟರ್ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ತಾರೀಖು ಬರೆದಿಡಿ. ಮಳೆ ನೀರು ಒಳಗೆ ಬರುತ್ತಿದ್ದರೆ ಮೊದಲು ಟಾರ್ಪಾಲಿನ್ ಹೊದಿಸಿ, ರಸೀದಿ ಇಟ್ಟುಕೊಳ್ಳಿ. ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ಮನೆಯವರ ಜವಾಬ್ದಾರಿ ಅಂತ ಪಾಲಿಸಿಯಲ್ಲೇ ಇರುತ್ತದೆ. ಆ ಖರ್ಚನ್ನೂ ಕ್ಲೇಮಿನಲ್ಲಿ ಕೇಳಬಹುದು.

ನೀರು ಬರುತ್ತಿಲ್ಲ ಅಂದರೆ ಗಾಬರಿ ಬೇಡ. ಆಲಿಕಲ್ಲಿನ ಪೆಟ್ಟು ಮೂಗೇಟಿನಂತೆ. ಹರಳು ಉದುರಿದ ಜಾಗದಲ್ಲಿ ಡಾಂಬರು ಬಿಸಿಲಿಗೆ ಒಣಗುತ್ತಾ ಹೋಗಿ ತಿಂಗಳುಗಳ ಮೇಲೆ ಸೋರುತ್ತದೆ. ಅಂದರೆ ನಿಮಗೆ ಯೋಚಿಸಲು ಸಮಯ ಇದೆ. ಹಾಗಂತ ವರ್ಷಗಟ್ಟಲೆ ಬಿಡಬೇಡಿ. ತುಂಬಾ ಪಾಲಿಸಿಗಳಲ್ಲಿ ಕ್ಲೇಮ್ ಹಾಕಲು ಒಂದು ವರ್ಷದ ಗಡುವು ಇರುತ್ತದೆ.

ಬಾಗಿಲು ತಟ್ಟುವವರು ಮಾತ್ರ ಸಮಯವೇ ಇಲ್ಲ ಅನ್ನುತ್ತಾರೆ. ನನ್ನ ಮೊದಲ ಮನೆಯಲ್ಲಿ ಆದದ್ದು ಹೇಳುತ್ತೇನೆ. ಮೂರನೇ ದಿನ ಒಬ್ಬ ಹುಡುಗ ಬಂದ. ತುಂಬಾ ಒಳ್ಳೆ ಮಾತು. ಮೇಲೆ ಹತ್ತಿ ನೋಡಲು ನಿಮ್ಮ ಅನುಮತಿ ಬೇಕು ಅಂತ ಟ್ಯಾಬ್ಲೆಟ್‌ನಲ್ಲಿ ಸಹಿ ಹಾಕಿಸಿಕೊಂಡ. ರಾತ್ರಿ ಮೇಲ್‌ನಲ್ಲಿ ಬಂದ ಪ್ರತಿಯನ್ನು ನನ್ನ ಹೆಂಡತಿ ಓದಿದಳು. ಇನ್ಶೂರೆನ್ಸ್ ಒಪ್ಪಿದರೆ ಕೆಲಸ ಅವರಿಗೇ ಕೊಡಬೇಕು, ಇಲ್ಲದಿದ್ದರೆ ಬಿಲ್ಲಿನ ಒಂದು ಭಾಗ ದಂಡ ಅಂತ ಅದರಲ್ಲಿತ್ತು. ಮನೆ ಬಾಗಿಲಲ್ಲಿ ಮಾಡಿಕೊಂಡ ಇಂಥ ಒಪ್ಪಂದವನ್ನು ಮೂರು ಕೆಲಸದ ದಿನದೊಳಗೆ ರದ್ದು ಮಾಡುವ ಹಕ್ಕು ಫೆಡರಲ್ ನಿಯಮದಲ್ಲೇ ಇದೆ. ಮರುದಿನ ಬೆಳಿಗ್ಗೆ ಬರವಣಿಗೆಯಲ್ಲಿ ಕಳಿಸಿ ರದ್ದು ಮಾಡಿದೆವು. ಅವಳು ಒಂದು ವಾರ ಬಿಟ್ಟು ಓದಿದ್ದರೆ ಕಷ್ಟ ಆಗುತ್ತಿತ್ತು. ಬರೀ ನೋಡುವುದಕ್ಕೆ ಸಹಿ ಬೇಕಿಲ್ಲ, ಬಾಯಿಮಾತು ಸಾಕು.

ಇನ್ನೊಂದು ಮಾತು ಖಂಡಿತ ಕೇಳುತ್ತೀರಿ: "ಡಿಡಕ್ಟಿಬಲ್ ನಾವು ನೋಡಿಕೊಳ್ಳುತ್ತೇವೆ." ಟೆಕ್ಸಸ್‌ನಲ್ಲಿ ಇದು ಕಾನೂನಿಗೆ ವಿರುದ್ಧ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಡಿಡಕ್ಟಿಬಲ್ ಮನೆಯವರೇ ಕಟ್ಟಬೇಕು. ಹಿಡಿದಿಟ್ಟ ದುಡ್ಡು ಕೊಡುವ ಮುಂಚೆ, ಕಟ್ಟಿದ್ದಕ್ಕೆ ಪುರಾವೆ ಕೊಡಿ ಅಂತ ಇನ್ಶೂರೆನ್ಸ್ ಕಂಪನಿ ಕೇಳಬಹುದು. ಚೆಕ್ಕಿನ ಪ್ರತಿ, ಕಾರ್ಡ್ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ವೀಸಾ, ಗ್ರೀನ್ ಕಾರ್ಡ್ ಅಂತ ಕಾಯುತ್ತಿರುವ ನಮ್ಮಂಥವರು ಡಿಡಕ್ಟಿಬಲ್ ಮುಚ್ಚಲು ಹೆಚ್ಚಿಸಿ ತೋರಿಸುವ ಸುಳ್ಳು ಬಿಲ್ಲಿನಲ್ಲಿ ಪಾಲುದಾರರಾಗುವ ತಂಟೆಗೆ ಹೋಗಲೇಬಾರದು.

ಕ್ಲೇಮ್ ಹಾಕುವ ಮೊದಲು ನಂಬಿಕೆಯ ಒಬ್ಬ ರೂಫರ್‌ನಿಂದ ಹಾನಿ ಎಷ್ಟು ಅಂತ ತಿಳಿದುಕೊಳ್ಳಿ. ರಿಪೇರಿ ಡಿಡಕ್ಟಿಬಲ್‌ಗಿಂತ ಕಡಿಮೆ ಇದ್ದರೆ ಸುಮ್ನೆ ಕ್ಲೇಮ್ ಹಾಕಬೇಡಿ. ದುಡ್ಡು ಬರುವುದಿಲ್ಲ, ಕ್ಲೇಮಿನ ದಾಖಲೆ ಏಳು ವರ್ಷದವರೆಗೆ ಉಳಿಯಬಹುದು. ಹಾನಿ ನೋಡಲು ಇನ್ಶೂರೆನ್ಸ್ ಕಂಪನಿಯ ಅಡ್ಜಸ್ಟರ್ ಬರುವ ದಿನ ರೂಫರ್ ಕೂಡ ಇರಲಿ, ಇಬ್ಬರೂ ಒಟ್ಟಿಗೆ ಮೇಲೆ ಹತ್ತಿ ನೋಡಲಿ. ಆದರೆ ಕೆಲಸ ಮಾಡುವ ರೂಫರ್ ನಿಮ್ಮ ಪರವಾಗಿ ಕ್ಲೇಮಿನ ಚೌಕಾಸಿ ಮಾಡುವಂತಿಲ್ಲ. ಅದಕ್ಕೆ ಇಲ್ಲಿ ಲೈಸೆನ್ಸ್ ಬೇಕು.

ಎಸ್ಟಿಮೇಟ್ ಓದುವುದು ಹೇಗೆ

ಟೆಕ್ಸಸ್ ರಾಜ್ಯ ರೂಫರ್‌ಗಳಿಗೆ ಲೈಸೆನ್ಸ್ ಕೊಡುವುದಿಲ್ಲ. ಇದು ಗೊತ್ತಾದಾಗ ನನಗೆ ಆಶ್ಚರ್ಯ ಆಯಿತು. ಕೂದಲು ಕತ್ತರಿಸುವವರಿಗೆ ಬೇಕು, ರೂಫ್ ಹಾಕುವವರಿಗೆ ಬೇಡ. ಹಾಗಾಗಿ ನೀವೇ ವಿಚಾರಿಸಬೇಕು. ಇದೇ ಊರಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ಕೆಲಸದಲ್ಲಿ ಹಾನಿಯಾದರೆ ಭರಿಸುವ ಲಯಬಿಲಿಟಿ ಇನ್ಶೂರೆನ್ಸ್ ಇದೆಯಾ, ಅದರ ಸರ್ಟಿಫಿಕೇಟ್ ಏಜೆಂಟ್‌ನಿಂದ ನೇರವಾಗಿ ನಿಮಗೆ ಬರುತ್ತದಾ. ಐದು ವರ್ಷದ ಹಿಂದೆ ಇವರಿಂದ ಮಾಡಿಸಿದ ಮನೆಯವರ ಜೊತೆ ಮಾತಾಡಿ. ಹೋದ ತಿಂಗಳು ಮಾಡಿಸಿದವರು ಎಲ್ಲರೂ ಖುಷಿಯಾಗೇ ಇರುತ್ತಾರೆ.

ಮೂರು ಎಸ್ಟಿಮೇಟ್ ತೆಗೆದುಕೊಳ್ಳಿ. ಅಳತೆ ಸ್ಕ್ವೇರ್‌ನಲ್ಲಿ ಇರುತ್ತದೆ. ಒಂದು ಸ್ಕ್ವೇರ್ ಅಂದರೆ 100 ಚದರ ಅಡಿ. ಮನೆಯ ಚದರ ಅಡಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಗ್ಯಾರೇಜ್, ಇಳಿಜಾರು, ಅಂಚು ಎಲ್ಲ ಸೇರುತ್ತದೆ. ಮೂವರ ಅಳತೆ ತುಂಬಾ ಬೇರೆ ಬೇರೆ ಬಂದರೆ ಯಾಕೆ ಅಂತ ಕೇಳಿ.

ಒಟ್ಟು ಮೊತ್ತ ಮಾತ್ರ ನೋಡಬೇಡಿ. ಹಳೆಯದನ್ನು ಪೂರ್ತಿ ಕಿತ್ತು ಹಾಕುತ್ತಾರಾ? ಹಳೆ ಶಿಂಗಲ್ ಮೇಲೆ ಹೊಸದು ಹೊಡೆದರೆ ಅಗ್ಗ, ಆದರೆ ಕೆಳಗಿನ ಹಲಗೆ ಕೊಳೆತಿದ್ದರೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಒಪ್ಪಬೇಡಿ. ಕೊಳೆತ ಹಲಗೆ ಬದಲಾಯಿಸಲು ಶೀಟಿಗೆ ಎಷ್ಟು ಅಂತ ಮೊದಲೇ ಬರೆಸಿ. 4 ಅಡಿಗೆ 8 ಅಡಿಯ ಶೀಟು ಅದು. ಕೆಲಸದ ದಿನ ಅರ್ಧ ರೂಫ್ ಬಿಚ್ಚಿಟ್ಟು ರೇಟ್ ಹೇಳಿದರೆ ನೀವು ಬೇಡ ಅನ್ನಲು ಆಗುವುದಿಲ್ಲ ಅಲ್ವಾ? ಎರಡು ಇಳಿಜಾರು ಸೇರುವ ಕಣಿವೆಗೆ ನೀರು ತಡೆಯುವ ಪಟ್ಟಿ, ಪೈಪ್‌ಗಳ ಸುತ್ತಲಿನ ರಬ್ಬರ್ ಬೂಟು, ಚಿಮಣಿ ಪಕ್ಕದ ತಗಡು ಇವೆಲ್ಲ ಹೊಸದಾ ಹಳೆಯದಾ ಅಂತ ಕೇಳಿ. ಸೋರುವುದು ಹೆಚ್ಚಾಗಿ ಇಂಥ ಸಂದಿಗಳಲ್ಲೇ.

ಶಿಂಗಲ್ ಆಯ್ಕೆಯಲ್ಲಿ ಕ್ಲಾಸ್ 4 ಅನ್ನುವ ಹೆಸರು ಬರುತ್ತದೆ. 2 ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಒಂದೇ ಜಾಗಕ್ಕೆ ಎರಡು ಸಲ ಬಿಟ್ಟರೂ ಸೀಳಬಾರದು ಅನ್ನುವುದು ಅದರ ಪರೀಕ್ಷೆ. ಬೆಲೆ ಜಾಸ್ತಿ. ಆದರೆ ಟೆಕ್ಸಸ್‌ನಲ್ಲಿ ಇನ್ಶೂರೆನ್ಸ್ ಕಂಪನಿಗಳು ಇದಕ್ಕೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುತ್ತವೆ. ಅದಕ್ಕೆ ರೂಫರ್ ಸಹಿ ಮಾಡಿದ ಪಿಸಿ 068 ಫಾರ್ಮ್ ಬೇಕು. ಎಷ್ಟು ರಿಯಾಯಿತಿ ಅಂತ ಏಜೆಂಟ್‌ಗೆ ಮೊದಲೇ ಫೋನ್ ಮಾಡಿ ಕೇಳಿ. ರಿಯಾಯಿತಿ ಜೊತೆ, ನೋಡಲು ಮಾತ್ರ ಕೆಟ್ಟಿದ್ದರೆ ದುಡ್ಡಿಲ್ಲ ಅನ್ನುವ ಷರತ್ತು ಸೇರಿಸುತ್ತಾರಾ ಅಂತಲೂ ಕೇಳಿ. ಇಲ್ಲೇ ತುಂಬಾ ವರ್ಷ ಇರುವವರಿಗೆ ನಾನು ಕ್ಲಾಸ್ 4 ಅನ್ನೇ ಹೇಳುತ್ತೇನೆ.

ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಒಪ್ಪಿಗೆ, ಊರಿನ ಪರ್ಮಿಟ್ ಎರಡನ್ನೂ ಸಾಮಾನು ಬರುವ ಮೊದಲೇ ಮುಗಿಸಿ. ಸೋಲಾರ್ ಹಾಕಿಸುವ ಆಸೆ ಇದ್ದರೆ ರೂಫ್ ಮೊದಲು, ಪ್ಯಾನಲ್ ಆಮೇಲೆ. ಪ್ಯಾನಲ್ ಬಿಚ್ಚಿ ಮತ್ತೆ ಕೂರಿಸುವುದಕ್ಕೇ ಸಾವಿರಾರು ಡಾಲರ್ ಆಗುತ್ತದೆ.

ದುಡ್ಡು ಕೊಡುವ ಹೊತ್ತು

ಮನೆ ಮೇಲೆ ಸಾಲ ಇದ್ದರೆ ಇನ್ಶೂರೆನ್ಸ್ ಚೆಕ್ ಮೇಲೆ ನಿಮ್ಮ ಹೆಸರಿನ ಜೊತೆ ಮಾರ್ಟ್‌ಗೇಜ್ ಕಂಪನಿಯ ಹೆಸರೂ ಇರುತ್ತದೆ. ಅವರ ಸಹಿ ಇಲ್ಲದೆ ಬ್ಯಾಂಕಿಗೆ ಹಾಕಲು ಆಗುವುದಿಲ್ಲ. ಇದಕ್ಕೆ ವಾರಗಟ್ಟಲೆ ಹಿಡಿಯಬಹುದು. ದೊಡ್ಡ ಮೊತ್ತವಾದರೆ ಅವರೇ ಇಟ್ಟುಕೊಂಡು ಕೆಲಸ ನೋಡಿ ಕಂತಿನಲ್ಲಿ ಕೊಡುತ್ತಾರೆ. ಚೆಕ್ ಬರುವ ಮೊದಲೇ ಫೋನ್ ಮಾಡಿ ಏನೇನು ಕಾಗದ ಬೇಕು ಅಂತ ಕೇಳಿ, ಆ ವಿಳಂಬವನ್ನು ರೂಫರ್‌ಗೂ ತಿಳಿಸಿ.

ಕೈಯಲ್ಲಿ ದುಡ್ಡಿಲ್ಲದಿದ್ದರೆ ರೂಫರ್ ತೋರಿಸುವ ಸಾಲಕ್ಕೆ ಕೂಡಲೇ ಹೂಂ ಅನ್ನಬೇಡಿ. ಬಡ್ಡಿ ಕಡಿಮೆ ಕಂಡರೂ ಅದರ ಶುಲ್ಕ ಬಿಲ್ಲಿನಲ್ಲಿ ಸೇರಿರಬಹುದು. ನಗದಿಗೆ ಎಷ್ಟು, ಸಾಲಕ್ಕೆ ಎಷ್ಟು ಅಂತ ಎರಡು ಬೆಲೆ ಕೇಳಿ. ಕ್ರೆಡಿಟ್ ಯೂನಿಯನ್‌ನಲ್ಲೂ ವಿಚಾರಿಸಿ. ಮನೆಯ ಮೇಲೆ ಇನ್ನೊಂದು ಸಾಲ ತೆಗೆಯುವುದಾದರೆ ಟೆಕ್ಸಸ್ ನಿಯಮ ಬಿಗಿ. ಎಲ್ಲ ಸಾಲ ಸೇರಿ ಮನೆ ಬೆಲೆಯ ಶೇ. 80 ಮೀರಬಾರದು, ಅರ್ಜಿ ಹಾಕಿ 12 ದಿನ ಆಗುವ ಮೊದಲು ದುಡ್ಡು ಸಿಗುವುದಿಲ್ಲ.

ಪೂರ್ತಿ ಮುಂಗಡ ಯಾವತ್ತೂ ಕೊಡಬೇಡಿ. ಸಾಮಾನು ಮನೆಗೆ ಬಂದ ಮೇಲೆ ಒಂದು ಭಾಗ, ಉಳಿದದ್ದು ಮುಗಿದ ಮೇಲೆ ಅಂತ ಬರೆಸಿ. ಕೊನೆಯ ಚೆಕ್ ಕೊಡುವಾಗ, ಸಾಮಾನಿನ ಅಂಗಡಿಗೂ ಕೆಲಸಗಾರರಿಗೂ ದುಡ್ಡು ಸಂದಿದೆ ಅಂತ ಬರೆದ ಕಾಗದ, ಲೀನ್ ವೇವರ್, ತೆಗೆದುಕೊಳ್ಳಿ.

ಕೆಲಸದ ದಿನ

ಸಾಧಾರಣ ಮನೆಗೆ ಒಂದೆರಡು ದಿನದ ಕೆಲಸ. ಹಿಂದಿನ ರಾತ್ರಿ ಕಾರುಗಳನ್ನು ರಸ್ತೆಗೆ ತನ್ನಿ. ಅಟ್ಟದಲ್ಲಿ ದಸರಾ ಬೊಂಬೆಗಳ ಪೆಟ್ಟಿಗೆ ಇದ್ದರೆ ಪ್ಲಾಸ್ಟಿಕ್ ಹೊದಿಸಿ, ಮೇಲಿಂದ ಧೂಳು, ಹರಳು ಎಲ್ಲ ಬೀಳುತ್ತದೆ. ಗೋಡೆಯ ಫೋಟೋಗಳನ್ನು, ದೇವರ ಕೋಣೆಯ ಪಟಗಳನ್ನು ಇಳಿಸಿಡಿ, ಸುತ್ತಿಗೆ ಪೆಟ್ಟಿಗೆ ಗೋಡೆಯೇ ನಡುಗುತ್ತದೆ. ಮಲ್ಲಿಗೆ, ಕರಿಬೇವಿನ ಕುಂಡಗಳನ್ನು ಗೋಡೆಯಿಂದ ದೂರ ಇಡಿ. ಮೇಲೆ ಕೆಲಸ ಮಾಡುವವರಿಗೆ ಐಸ್ ಹಾಕಿದ ನೀರು ಇಟ್ಟಿರಿ. ಆ ಬಿಸಿಲಲ್ಲಿ ದುಡಿಯುವುದು ಸುಲಭ ಅಲ್ಲ. ಹಲಗೆ ಬದಲಾಯಿಸಿದರೆ ಕೂಡಲೇ ಫೋಟೋ ಕೇಳಿ.

ಮುಗಿದ ಮೇಲೆ ಅಯಸ್ಕಾಂತ ಎಳೆದು ಮೊಳೆ ಆರಿಸುತ್ತಾರೆ. ಮಾರನೆ ದಿನ ಇನ್ನೊಂದು ಸಲ ಎಳೆಯಲು ಹೇಳಿ. ನಮ್ಮ ಮಕ್ಕಳು ಹಿತ್ತಲಲ್ಲಿ ಬರಿಗಾಲಲ್ಲಿ ಓಡಾಡುತ್ತವೆ. ಕೊನೆಗೆ, ಅಟ್ಟಕ್ಕೆ ಹತ್ತಿ ಗ್ಯಾಸ್ ಹೀಟರ್‌ನ ಹೊಗೆ ಪೈಪ್ ಇನ್ನೂ ಜೋಡಿಸಿಕೊಂಡಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಮೇಲೆ ಬೂಟು ಬದಲಾಯಿಸುವಾಗ ಅದು ಕಳಚಿಕೊಳ್ಳುವುದುಂಟು. ಕಳಚಿದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರುತ್ತದೆ, ಅದಕ್ಕೆ ವಾಸನೆ ಇಲ್ಲ. ಮಲಗುವ ಕೋಣೆಗಳ ಹತ್ತಿರ ಅದರ ಅಲಾರ್ಮ್ ಇಲ್ಲದಿದ್ದರೆ ಅವತ್ತೇ ತಂದು ಹಾಕಿ.