ಸೋರಿಕೆಯೇ ಇಲ್ಲದೆಡೆ ಸೋರಿಕೆ ಕಂಡಾಗ

ಮಿದುಳಿನ ಗಡ್ಡೆಯಲ್ಲಿ ರಕ್ತ-ಮಿದುಳು ತಡೆಗೋಡೆ (ರಕ್ತದಲ್ಲಿರುವುದು ಮಿದುಳಿನೊಳಕ್ಕೆ ಜಿನುಗದಂತೆ ತಡೆಯುವ ನಾಳದ ಒಳಪದರ) ಒಡೆದಿದ್ದರೆ ಅದನ್ನು ಕಾಣಲು ಲೆಕ್ಕಾಚಾರ ಬೇಕಿಲ್ಲ. ಗ್ಯಾಡೋಲಿನಿಯಮ್ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ದ್ರವ) ಕೊಟ್ಟ ಕೆಲವೇ ನಿಮಿಷಗಳಲ್ಲಿ ಎಂಆರ್‌ಐ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ನಾನು ಅಳೆಯಲು ಹೊರಟದ್ದು ಹಾಗೆ ಹೊಳೆಯದ ಸೋರಿಕೆಯನ್ನು. ಸಣ್ಣ ರಕ್ತನಾಳಗಳ ಕಾಯಿಲೆ ಇರುವವರ ಮಿದುಳಿನಲ್ಲಿ, ನೋಡಲು ಆರೋಗ್ಯವಾಗಿಯೇ ಇರುವ ಬಿಳಿ ದ್ರವ್ಯದಲ್ಲಿ (ನರತಂತುಗಳಿರುವ ಒಳಭಾಗದಲ್ಲಿ) ಕೂಡ, ನಾಳದ ಒಳಪದರದ ಕೋಶಗಳ ನಡುವಿನ ಬೆಸುಗೆ ಕೊಂಚ ಸಡಿಲಗೊಂಡು ಜಿನುಗುವುದುಂಟು. ಆ ಪ್ರಮಾಣ ನಿಮಿಷಕ್ಕೆ ಸುಮಾರು 0.0001ರಿಂದ 0.001. ಅಂದರೆ 100 ಮಿಲಿಲೀಟರ್ ಮಿದುಳಿನ ಅಂಗಾಂಶವು ಒಂದು ನಿಮಿಷದಲ್ಲಿ ಹೀರಿಕೊಳ್ಳುವ ಕಾಂಟ್ರಾಸ್ಟ್, 0.01ರಿಂದ 0.1 ಮಿಲಿಲೀಟರ್ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗದಲ್ಲಿ) ಇರುವಷ್ಟು ಮಾತ್ರ.

ಇನ್ನೊಂದು ತೊಡಕು ನನಗೆ ತಡವಾಗಿ ಅರ್ಥವಾಯಿತು. ಸೋರಿಕೆ ಇದ್ದರೆ ಮಿದುಳಿನ ಸಂಕೇತ ಏರುತ್ತಾ ಹೋಗಬೇಕು ಎಂದುಕೊಂಡಿದ್ದೆ. ಆದರೆ ಮೊದಲ ಏರಿಕೆಯ ನಂತರ ರಕ್ತದಲ್ಲಿ ಕಾಂಟ್ರಾಸ್ಟ್ ಕಡಿಮೆಯಾಗುತ್ತಾ ಬರುವುದರಿಂದ ಅಂಗಾಂಶದ ಸಂಕೇತವೂ ಇಳಿಯುತ್ತದೆ. ಸೂಕ್ಷ್ಮ ಸೋರಿಕೆ ಮಾಡುವುದಿಷ್ಟೇ: ಆ ಇಳಿತವನ್ನು ಕೊಂಚ ನಿಧಾನಗೊಳಿಸುತ್ತದೆ. ಇಪ್ಪತ್ತು ನಿಮಿಷಗಳ ಕೊನೆಗೆ ಅದರ ಪಾಲು ಒಟ್ಟು ಸಂಕೇತದಲ್ಲಿ ಶೇಕಡಾ ಒಂದರ ಆಸುಪಾಸು.

ಕ್ರಮ ಹೀಗಿತ್ತು. 3 ಟೆಸ್ಲಾ ಸ್ಕ್ಯಾನರ್‌ನಲ್ಲಿ ಮೊದಲು ಬೇರೆ ಬೇರೆ ಫ್ಲಿಪ್ ಕೋನಗಳಲ್ಲಿ (ರೇಡಿಯೊ ಮಿಡಿತವು ಅಂಗಾಂಶದ ಕಾಂತತೆಯನ್ನು ವಾಲಿಸುವ ಕೋನ) ಚಿತ್ರ ತೆಗೆದು ಅಂಗಾಂಶದ ಟಿ1, ಅಂದರೆ ಆ ಕಾಂತತೆ ಮೊದಲಿನ ಸ್ಥಿತಿಗೆ ಮರಳಲು ಹಿಡಿಯುವ ಹೊತ್ತಿನ ಅಳತೆ, ತೆಗೆಯುತ್ತಿದ್ದೆವು. ನಾವು ಕೇಳಿದ ಕೋನವೇ ಮಿದುಳಿನ ಎಲ್ಲೆಡೆ ಸಿಗುವುದಿಲ್ಲವಾದ್ದರಿಂದ ಅದಕ್ಕೊಂದು ತಿದ್ದುಪಡಿ ನಕ್ಷೆಯೂ ಬೇಕು. ನಂತರ ಸುಮಾರು 40 ಸೆಕೆಂಡಿಗೊಂದರಂತೆ ಇಡೀ ಮಿದುಳಿನ ಚಿತ್ರಗಳು. ಮೊದಲ ಮೂರು ಮುಗಿದ ಮೇಲೆ, ಮೂತ್ರಪಿಂಡದ ಸ್ಥಿತಿ ಸರಿಯಿದೆ ಎಂದು ಮೊದಲೇ ಖಚಿತಪಡಿಸಿಕೊಂಡವರಿಗೆ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.1 ಮಿಲಿಮೋಲ್ ಕಾಂಟ್ರಾಸ್ಟ್. ರಕ್ತದ ರೇಖೆಯನ್ನು (ರಕ್ತದಲ್ಲಿ ಯಾವ ಹೊತ್ತಿಗೆ ಎಷ್ಟು ಕಾಂಟ್ರಾಸ್ಟ್ ಇತ್ತೆಂದು ತೋರಿಸುವ ಗೆರೆ) ಧಮನಿಯಿಂದ ತೆಗೆಯದೆ, ತಲೆಯ ನಡುಗೆರೆಯಲ್ಲಿ ಹಾಯುವ ದೊಡ್ಡ ಸಿರೆಯಾದ ಸ್ಯಾಜಿಟಲ್ ಸೈನಸ್‌ನಿಂದ ತೆಗೆದೆವು. ಮಿದುಳಿನ ಧಮನಿಗಳು ಕಿರಿದು, ಸುತ್ತಲಿನ ಅಂಗಾಂಶ ಅಳತೆಯಲ್ಲಿ ಬೆರೆಯುತ್ತದೆ. ಹೊಸದಾಗಿ ನುಗ್ಗುವ ರಕ್ತ ಕೂಡ ಸಂಕೇತವನ್ನು ಕೆಡಿಸುತ್ತದೆ. ಸೈನಸ್‌ನಲ್ಲಿ ಈ ಎರಡೂ ತೊಂದರೆ ಕಡಿಮೆ. ಲೆಕ್ಕಕ್ಕೆ 1983ರಿಂದ ಬಳಕೆಯಲ್ಲಿರುವ ಪ್ಯಾಟ್ಲಾಕ್ ವಿಧಾನ: ಅಂಗಾಂಶದ ಮತ್ತು ರಕ್ತದ ಅಳತೆಗಳನ್ನು ಜೋಡಿಸಿ ಗುರುತಿಸಿದ ಬಿಂದುಗಳು ಸರಳರೇಖೆಯಲ್ಲಿ ಕೂರುತ್ತವೆ, ರೇಖೆಯ ಇಳಿಜಾರೇ ಸೋರಿಕೆಯ ದರ.

ಮೊದಲ ತಂಡದ ಫಲಿತಾಂಶ ಬಂದಾಗ ಎದೆ ಧಸಕ್ಕೆಂದಿತು. ಆರೋಗ್ಯವಂತ ಯುವ ಸ್ವಯಂಸೇವಕರಲ್ಲಿಯೂ ರೋಗಿಗಳಷ್ಟೇ ಸೋರಿಕೆ! ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ತಪ್ಪಿರಬಹುದೇ, ಟಿ1 ನಕ್ಷೆ ತಪ್ಪಿರಬಹುದೇ ಎಂದು ವಾರಗಟ್ಟಲೆ ಹುಡುಕಿದೆ. ಕೊನೆಗೆ ನಮ್ಮ ಟೆಕ್ನೀಷಿಯನ್ ಕೇಳಿದ ಪ್ರಶ್ನೆ ದಾರಿ ತೋರಿಸಿತು: "ಏನನ್ನೂ ಚುಚ್ಚದೆ ಒಮ್ಮೆ ಇದೇ ಸ್ಕ್ಯಾನ್ ಮಾಡಿ ನೋಡೋಣವೇ?"

ಮಾಡಿದೆವು. ಕಾಂಟ್ರಾಸ್ಟ್ ಕೊಡದವರ ಅಂಗಾಂಶದ ಸಂಕೇತವನ್ನು ಇತರರ ಸರಾಸರಿ ರಕ್ತರೇಖೆಯೊಂದಿಗೆ ಜೋಡಿಸಿ ಲೆಕ್ಕ ಹಾಕಿದರೆ ಸೊನ್ನೆ ಬರಬೇಕಿತ್ತು. ಬಂದದ್ದು ರೋಗಿಗಳ ಅಂಕಿಗೆ ಹತ್ತಿರದ ಅಂಕಿ. ಸ್ಕ್ಯಾನರ್‌ನ ಸಂಕೇತವೇ ಇಪ್ಪತ್ತು ನಿಮಿಷಗಳಲ್ಲಿ ಮೆಲ್ಲಮೆಲ್ಲನೆ ಏರುತ್ತಿತ್ತು. ಶೇಕಡಾ ಒಂದರಷ್ಟು ಏರಿದರೂ ಸಾಕು, ಪ್ಯಾಟ್ಲಾಕ್ ರೇಖೆಗೆ ಅದು ಸೋರಿಕೆಯಂತೆಯೇ ಕಾಣುತ್ತದೆ. ಈ ಸ್ಕ್ಯಾನ್‌ಗೆ ಸ್ವಲ್ಪ ಮೊದಲು ನಾವು ಡಿಫ್ಯೂಷನ್ ಚಿತ್ರಗಳನ್ನು (ಅಂಗಾಂಶದಲ್ಲಿ ನೀರಿನ ಚಲನೆಯನ್ನು ತೋರಿಸುವಂಥವು) ತೆಗೆಯುತ್ತಿದ್ದೆವು. ಅದು ಯಂತ್ರದ ಕಾಂತಕ್ಷೇತ್ರವನ್ನು ಜಾಗದಿಂದ ಜಾಗಕ್ಕೆ ಬದಲಿಸುವ ಗ್ರೇಡಿಯೆಂಟ್ ಸುರುಳಿಗಳನ್ನು ಚೆನ್ನಾಗಿ ಕಾಯಿಸುತ್ತದೆ. ಅವು ತಣಿಯುವ ಹೊತ್ತಿನಲ್ಲೇ ನಮ್ಮ ಅಳತೆ ನಡೆಯುತ್ತಿತ್ತು.

ಡಿಫ್ಯೂಷನ್ ಅನ್ನು ಎಲ್ಲಕ್ಕಿಂತ ಮೊದಲಿಗೆ ಸರಿಸಿ, ನಡುವೆ ಹಗುರವಾದ ಸ್ಕ್ಯಾನ್‌ಗಳನ್ನು ಇಟ್ಟೆವು. ಏರಿಕೆ ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಉಳಿದದ್ದನ್ನು ಕಳೆದುಬಿಡೋಣವೆಂದು ಕೆಲವರು ಸೂಚಿಸಿದರು. ನಾನು ಒಪ್ಪಲಿಲ್ಲ. ಅದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಒಬ್ಬರ ಅಂಕಿಯಿಂದ ಇನ್ನೊಂದು ದಿನದ ಸರಾಸರಿಯನ್ನು ಕಳೆದರೆ ಹೊಸದೊಂದು ತಪ್ಪು ಸೇರುತ್ತದೆ. ಅದರ ಬದಲು ಕಾಂಟ್ರಾಸ್ಟ್ ಇಲ್ಲದ ಅಳತೆಗಳ ಹರವನ್ನು ಫಲಿತಾಂಶದ ಪಕ್ಕದಲ್ಲೇ ಮುದ್ರಿಸುತ್ತೇವೆ. ಅದಕ್ಕಿಂತ ಮುಖ್ಯವಾದದ್ದು ಹೊತ್ತು. ಮೊದಲು ರೋಗಿಗಳೆಲ್ಲ ಬೆಳಗ್ಗೆ ಬರುತ್ತಿದ್ದರು, ಸ್ವಯಂಸೇವಕರೆಲ್ಲ ಸಂಜೆ, ದಿನವಿಡೀ ದುಡಿದ ಯಂತ್ರಕ್ಕೆ. ಈಗ ಎರಡೂ ಗುಂಪುಗಳನ್ನು ಎಲ್ಲ ಹೊತ್ತಿಗೂ ಹಂಚುತ್ತೇವೆ.

ಚಿತ್ರದ ಅತಿ ಸಣ್ಣ ಘನತುಣುಕಾದ ಒಂದೊಂದೇ ವೋಕ್ಸೆಲ್‌ನ ಅಂಕಿಯನ್ನು ನಾನು ನಂಬುವುದಿಲ್ಲ. ಬಿಳಿ ದ್ರವ್ಯದ ಅಂಚುಗಳನ್ನು ಒಂದೆರಡು ವೋಕ್ಸೆಲ್ ಒಳಕ್ಕೆ ಸರಿಸಿ, ಮಿದುಳು-ಮಿದುಳುಬಳ್ಳಿಯ ದ್ರವ ಮತ್ತು ಸಿರೆಗಳ ಬಳಿಯ ಜಾಗಗಳನ್ನು ಬಿಟ್ಟು, ಇಡೀ ಪ್ರದೇಶದ ಸಂಕೇತವನ್ನು ಸರಾಸರಿ ಮಾಡಿದ ಮೇಲೆಯೇ ರೇಖೆ ಎಳೆಯುತ್ತೇನೆ. ಆಗಲೂ ಕೆಲವರಲ್ಲಿ ದರ ಸೊನ್ನೆಗಿಂತ ಕೆಳಗೆ ಬರುತ್ತದೆ. ಸೋರಿಕೆ ಋಣಾತ್ಮಕವಾಗುವುದು ಸಾಧ್ಯವಿಲ್ಲ ಎಂದು ಅಂಥವನ್ನು ಕೈಬಿಡಲು ಮನಸ್ಸಾಗುತ್ತದೆ. ಬಿಡಬಾರದು. ಅಳತೆಯ ಅಲುಗಾಟ ಸೊನ್ನೆಯ ಎರಡೂ ಬದಿಗೆ ಹರಡಿರುತ್ತದೆ; ಒಂದು ಬದಿಯನ್ನಷ್ಟೇ ಕತ್ತರಿಸಿದರೆ ಸರಾಸರಿ ಮೇಲಕ್ಕೆ ಏರಿ, ಆರೋಗ್ಯವಂತರಲ್ಲೂ ಮತ್ತೆ ಸೋರಿಕೆ ಹುಟ್ಟುತ್ತದೆ.

ಈಗ ಯಂತ್ರದ ತಂತ್ರಾಂಶ ಬದಲಾದಾಗಲೆಲ್ಲ, ಹೊಸ ರೋಗಿಯನ್ನು ಕರೆಯುವ ಮೊದಲು, ಇಬ್ಬರು ಸ್ವಯಂಸೇವಕರನ್ನು ಕಾಂಟ್ರಾಸ್ಟ್ ಇಲ್ಲದೆಯೇ ಇಪ್ಪತ್ತು ನಿಮಿಷ ಸ್ಕ್ಯಾನ್ ಮಾಡಿ, ಎಷ್ಟು ಬರುತ್ತದೆಂದು ನೋಡುತ್ತೇವೆ.