ಮೂಡಣವೇ ಇಲ್ಲದ ಲೋಕವನ್ನು ಕಲ್ಪಿಸುವ ಬಗೆ

ಬಾಹ್ಯಾಕಾಶದಲ್ಲಿ ವಿಚಿತ್ರ ಲೋಕವೊಂದನ್ನು ಕಲ್ಪಿಸಲು ಕುಳಿತವರು ಸಾಮಾನ್ಯವಾಗಿ ಮೊದಲ ಪುಟದಲ್ಲೇ ನೇರಳೆ ಆಕಾಶ, ಮೂರು ತಲೆಯ ಪ್ರಾಣಿ, ಹಾಡುವ ಬೆಟ್ಟಗಳನ್ನೆಲ್ಲ ತಂದು ಸುರಿಯುತ್ತಾರೆ. ಒಂದಕ್ಕೊಂದು ನಂಟಿಲ್ಲದ ಇಂಥ ಅಚ್ಚರಿಗಳು ಓದುಗರನ್ನು ಬಹುಬೇಗ ದಣಿಸುತ್ತವೆ. ನಿಜವಾದ ಗ್ರಹವೊಂದರಿಂದ ಒಂದೇ ಸಂಗತಿಯನ್ನು ಎತ್ತಿಕೊಂಡು, ಅದು ಅಲ್ಲಿನವರ ಹೊಲ, ಮನೆ, ಮಾತುಗಳೊಳಗೆ ಹೇಗೆ ಇಳಿಯುತ್ತದೆ ಎಂದು ತಾಳ್ಮೆಯಿಂದ ಹಿಂಬಾಲಿಸುವುದೇ ನನ್ನ ಮಟ್ಟಿಗೆ ಒಳ್ಳೆಯ ದಾರಿ.

ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿರುವ ಟ್ರ್ಯಾಪಿಸ್ಟ್-1 ಎಂಬ ಪುಟ್ಟ ಕೆಂಪು ನಕ್ಷತ್ರವನ್ನು ತೆಗೆದುಕೊಳ್ಳೋಣ. ಅದರ ಸುತ್ತ ಏಳು ಗ್ರಹಗಳಿವೆ ಎಂಬುದು 2017ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ‘ಇ’ ಎಂಬ ಗ್ರಹ ತನ್ನ ನಕ್ಷತ್ರವನ್ನು ನಮ್ಮ ಆರು ದಿನಗಳಲ್ಲಿ ಒಮ್ಮೆ ಸುತ್ತಿಬರುತ್ತದೆ. ಅಷ್ಟು ಹತ್ತಿರದಲ್ಲಿರುವ ಗ್ರಹವು, ಚಂದ್ರ ನಮಗೆ ಒಂದೇ ಮುಖ ತೋರಿಸುವಂತೆ, ತನ್ನ ನಕ್ಷತ್ರಕ್ಕೆ ಸದಾ ಒಂದೇ ಮುಖವನ್ನು ಒಡ್ಡಿರಬಹುದು. ಹಾಗಿದ್ದರೆ ಒಂದು ಕಡೆ ಮುಗಿಯದ ಹಗಲು, ಇನ್ನೊಂದು ಕಡೆ ಮುಗಿಯದ ಇರುಳು, ನಡುವೆ ಕೆಂಬೆಳಕಿನ ಪಟ್ಟಿ.

ಆ ಪಟ್ಟಿಯಲ್ಲಿ ಒಂದು ಊರನ್ನು ಇಟ್ಟು, ಅಲ್ಲಿ ಏನೇನು ಇರಲಾರದು ಎಂಬುದನ್ನು ಮೊದಲು ಬರೆದುಕೊಳ್ಳಿ. ಸೂರ್ಯ ಮೂಡುವ ದಿಕ್ಕು ಮೂಡಣ, ಪಡುವ ದಿಕ್ಕು ಪಡುವಣ. ಸೂರ್ಯನು ಕದಲದ ಊರಿನಲ್ಲಿ ಈ ಎರಡು ಪದಗಳು ಹುಟ್ಟುವುದೇ ಇಲ್ಲ. ಅವರ ದಿಕ್ಕುಗಳು ಬಹುಶಃ ‘ಬೆಳಕಿನತ್ತ’, ‘ಕತ್ತಲತ್ತ’ ಎಂದಾಗುತ್ತವೆ. ‘ಬೆಳಗಾಗಲಿ, ನೋಡೋಣ’ ಎಂದು ಯಾರೂ ಮಾತು ಮುಂದೂಡಲಾರರು. ನೆರಳು ಸರಿಯುವುದಿಲ್ಲವಾದ್ದರಿಂದ ಬಂಡೆಯ ಹಿಂದೆ ಬಿದ್ದ ಹಿಮ ಕರಗದೆ ಉಳಿಯುತ್ತದೆ. ನೆರೆಯವನು ಎತ್ತರದ ಗೋಡೆ ಎಬ್ಬಿಸಿದರೆ ಹೊಲದ ಬೆಳಕು ಶಾಶ್ವತವಾಗಿ ಹೋಗುತ್ತದೆ, ಆದ್ದರಿಂದ ಅಲ್ಲಿನ ಪಂಚಾಯಿತಿಗೆ ಬರುವ ವ್ಯಾಜ್ಯಗಳೆಲ್ಲ ನೆರಳಿನವೇ ಆಗಿರಬಹುದು. ಕತೆ ಇಂಥಲ್ಲಿ ತಾನಾಗಿಯೇ ಚಿಗುರುತ್ತದೆ.

ಅನಂತರ ಲೆಕ್ಕ ಹಾಕಿ. ಕಲ್ಪನೆಗೆ ಲೆಕ್ಕ ಅಡ್ಡಿ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ನಮಗೆ ಹೊಳೆಯದ ಸೊಗಸನ್ನು ಅದು ತಂದುಕೊಡುತ್ತದೆ. ಆರು ದಿನಕ್ಕೊಂದು ವರ್ಷವಾದರೆ, ನಮ್ಮ ಲೆಕ್ಕದ ಹತ್ತು ವರ್ಷದ ಹುಡುಗಿಗೆ ಅಲ್ಲಿ ಸುಮಾರು 600 ವರ್ಷ. ಪಕ್ಕದ ‘ಎಫ್’ ಗ್ರಹ ಸುಮಾರು ಒಂಬತ್ತು ದಿನಗಳಲ್ಲಿ ಒಂದು ಸುತ್ತು ಮುಗಿಸುವುದರಿಂದ, ಅಲ್ಲಿನ ಮೂರು ವರ್ಷಕ್ಕೊಮ್ಮೆ ಅದು ತೀರ ಸಮೀಪಕ್ಕೆ ಬಂದು, ನಮ್ಮ ಹುಣ್ಣಿಮೆಯ ಚಂದ್ರನಷ್ಟು ದೊಡ್ಡದಾಗಿ ಕತ್ತಲ ದಿಕ್ಕಿನಲ್ಲಿ ಕಾಣಿಸಬೇಕು.

ಕೊನೆಗೆ ಒಬ್ಬರನ್ನು ಆರಿಸಿ, ಅವರಿಗೆ ದಿನನಿತ್ಯದ ಒಂದು ಕೆಲಸವನ್ನು ಕೊಟ್ಟು ಬರೆಯಲು ಆರಂಭಿಸಿ. ಅಜ್ಜಿಯೊಬ್ಬಳು ಊಟಕ್ಕೆ ಹಠ ಹಿಡಿದ ಮೊಮ್ಮಗನನ್ನು ಎತ್ತಿಕೊಂಡು ಅಂಗಳಕ್ಕೆ ಬರುತ್ತಾಳೆ. ಬೆಳಕಿಗೆ ಬೆನ್ನು ಮಾಡಿ, ಕತ್ತಲಿನಂಚಿಗೆ ಅಂಟಿಕೊಂಡಿರುವ ಆ ದುಂಡು ಲೋಕವನ್ನು ತೋರಿಸುತ್ತ ಮೊದಲ ತುತ್ತು ಇಡುತ್ತಾಳೆ.